ಖಾಡಿಗೆ ಹರಿಯುವ ನೀರಿನ ಲೆಕ್ಕ

ಕಲ್ಯಾಣದಿಂದ ಕರ್ಜತದ ಕಡೆಗೆ ಸಾಗುವ ಲೋಕಲ್ ರೈಲಿನಲ್ಲಿ ಮೂರನೆಯ ನಿಲ್ದಾಣವಾಗಿ ದೊರೆಯುವ ಅಂಬರನಾಥದಲ್ಲಿ, ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿ ತಲೆಯೆತ್ತಿದ ಉತ್ತರ ಕೊಂಕಣದ ಶಿಲಾಹಾರರ ಶಿವಾಲಯವೊಂದು, ಹೊರಭಿತ್ತಿಯ ಶಿಲ್ಪಸಮೃದ್ಧಿಯೊಡನೆ, ಮಂಟಪದಿಂದ ಮೆಟ್ಟಿಲಿಳಿದು ಸೇರಬೇಕಾದ ಗರ್ಭಗೃಹದೊಡನೆ, ಇಂದಿಗೂ ನಿತ್ಯಪೂಜೆಗೊಳ್ಳುತ್ತ ನಿಂತಿದೆ. ಅದರ ಶಾಸನ ಶಕವರ್ಷ 982ಕ್ಕೆ, ಎಂದರೆ ಕ್ರಿ.ಶ. 1060ಕ್ಕೆ ಸೇರಿದುದು, ಅದರಲ್ಲಿ ಉಕ್ತನಾದ ಅರಸ ಮುಮ್ಮುಣಿ. ಅಂಥ ದೇಗುಲಕ್ಕೆ ಎಡೆಯನ್ನು ಆರಿಸಿದವರು ನೀರಿನ ಸಾನ್ನಿಧ್ಯವನ್ನು ನೋಡಿಯೇ ಆರಿಸಿರಬೇಕು. ಅದರ ಮಗ್ಗುಲಲ್ಲಿಯೇ ವಾಲಧುನಿಯೆಂಬ ಸಣ್ಣ ನದಿ ಹರಿಯುತ್ತದೆ. ಇಂದು ಆ ನೀರನ್ನು ಮುಟ್ಟುವವರೇ ವಿರಳ. ಅಂಬರನಾಥ, ಉಲ್ಹಾಸನಗರ, ಕಲ್ಯಾಣ ಈ ಮೂರು ಊರುಗಳ ಕೊಳಚೆಯನ್ನೂ ಕಾರ್ಖಾನೆಗಳ ವಿಸರ್ಜನೆಯನ್ನೂ ಹೊತ್ತುಕೊಂಡು ಅದು ಉಲ್ಹಾಸ್ ನದಿಯ ಖಾಡಿಯನ್ನು, ಎಂದರೆ ಭರತ ಇಳಿತಗಳು ಆಡುವ ಉಪ್ಪುನೀರಿನ ಅಳಿವೆಯನ್ನು, ಸೇರುತ್ತದೆ. 2014ರ ನವೆಂಬರ್ ಕೊನೆಯಲ್ಲಿ ಟ್ಯಾಂಕರಿನಿಂದ ಈ ನದಿಗೆ ಸುರಿದ ರಾಸಾಯನಿಕದಿಂದೆದ್ದ ವಿಷಾನಿಲಕ್ಕೆ ಸಿಕ್ಕಿ ಉಲ್ಹಾಸನಗರದಲ್ಲಿ ನೂರಾರು ಮಂದಿ ಉಸಿರುಗಟ್ಟಿ ಆಸ್ಪತ್ರೆ ಸೇರಬೇಕಾಯಿತು.

ಅದೊಂದೇ ಅಲ್ಲ. ಅದೇ 2014ರ ಜನವರಿಯಲ್ಲಿ ಡೊಂಬಿವಲಿಯ ಕೈಗಾರಿಕಾ ವಸಾಹತಿನ ಸುತ್ತ ಹಸಿರುಬಣ್ಣದ ಮಳೆ ಬಿದ್ದುದು, 2017ರ ಆಗಸ್ಟಿನಲ್ಲಿ ತಳೋಜದ ಬೀದಿನಾಯಿಗಳು ನೀಲಿಯಾಗಿ ತಿರುಗಾಡಿದುದು, 2020ರ ಫೆಬ್ರುವರಿಯಲ್ಲಿ ಡೊಂಬಿವಲಿಯ ರಸ್ತೆಯೊಂದು ಗುಲಾಬಿಯಾಗಿ ರಾಜ್ಯದ ಮುಖ್ಯಮಂತ್ರಿಯೇ ಬಂದು ನೋಡುವಂತಾದುದು, ಇವೆಲ್ಲ ವೃತ್ತಪತ್ರಿಕೆಗಳ ಚಿತ್ರಗಳಾಗಿ ದೇಶದ ಉದ್ದಗಲಕ್ಕೂ ಹರಡಿ ಕೆಲಕಾಲದ ಕೌತುಕವಾಗಿ ಮರೆತುಹೋದವು. ಮರೆಯಲಾಗದವು ಇನ್ನೆರಡು: 2016ರ ಮೇ 26ರಂದು ಮತ್ತು 2024ರ ಮೇ 23ರಂದು ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸಂಭವಿಸಿದ ಸ್ಫೋಟಗಳು. ಎರಡರಲ್ಲಿಯೂ ಹತ್ತಕ್ಕಿಂತ ಹೆಚ್ಚು ಜೀವಗಳು ಹೋದವು. ದೂರದೂರದ ಮನೆಗಳ ಗಾಜು ಒಡೆದು ಬಿದ್ದಿತು.

ಆದರೆ ಈ ಊರುಗಳನ್ನು ಕಟ್ಟಿದುದೂ ಇವೇ ಕಾರ್ಖಾನೆಗಳೆಂಬುದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಎಲ್ಲರ ಬಾಯಲ್ಲಿ ಎಂಐಡಿಸಿ, ಸ್ಥಾಪಿತವಾಗಿ ಥಾಣೆಯ ವಾಗಳೆ ಎಸ್ಟೇಟಿನಿಂದ ಮೊದಲ್ಗೊಂಡು ಡೊಂಬಿವಲಿ, ಅಂಬರನಾಥ, ಥಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಹರಡಿದ ವಸಾಹತು, ತಳೋಜ ಹೀಗೆ ಒಂದರ ಹಿಂದೊಂದರಂತೆ ಕೈಗಾರಿಕಾ ಪ್ರದೇಶಗಳನ್ನು ತೆರೆಯದಿದ್ದಲ್ಲಿ, ಉಡುಪಿ ಮಂಗಳೂರುಗಳಿಂದಲೂ ವಿಜಯಪುರ ಕಲಬುರಗಿಗಳಿಂದಲೂ ಹೊರಟು ಬಂದ ನಮ್ಮವರಲ್ಲಿ ಅನೇಕರಿಗೆ ಇಲ್ಲಿ ಅನ್ನದ ದಾರಿಯೇ ಇರುತ್ತಿರಲಿಲ್ಲ. ಯಂತ್ರದ ಬಳಿ ನಿಂತವರು ಕೆಲವರಾದರೆ, ಅವರಿಗೆ ಊಟ ಬಡಿಸಿದವರು, ಲೆಕ್ಕ ಬರೆದವರು, ಅವರ ಮಕ್ಕಳಿಗೆ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಸಿದವರು ಮತ್ತೆ ಕೆಲವರು. ಆದಕಾರಣ ‘ಕಾರ್ಖಾನೆಗಳನ್ನು ಮುಚ್ಚಿಸಿರಿ’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುವಂಥದಾದರೂ ಅದರಲ್ಲಿ ವಿವೇಕವಿಲ್ಲ. ಕಲ್ಯಾಣದ ಬಳಿ ಮೋಹನೆಯಲ್ಲಿದ್ದ ನ್ಯಾಷನಲ್ ರೇಯಾನ್ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿಕೊಂಡಾಗ ಸಾವಿರಾರು ಕಾರ್ಮಿಕರ ಬಾಕಿಯ ವಿವಾದ ವರ್ಷಗಟ್ಟಲೆ ಎಳೆದಾಡಿತು. ಮುಚ್ಚುವುದು ಸುಸ್ಥಿರತೆಯಲ್ಲ. ಅಲ್ಲದೆ ನಷ್ಟದಿಂದಲೋ ಭೂಮಿಯ ಬೆಲೆಯೇರಿದುದರಿಂದಲೋ ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ಎದ್ದ ಗಗನಚುಂಬಿಗಳ ನಿವಾಸಿಗಳು ಬಣ್ಣ, ಔಷಧ, ಪ್ಲಾಸ್ಟಿಕ್ಕುಗಳನ್ನು ಬಳಸುವುದನ್ನು ಬಿಟ್ಟವರಲ್ಲ. ಅವು ಬೇರೊಂದು ಊರಿನ ಹೊಳೆಯ ದಡದಲ್ಲಿ ತಯಾರಾಗುತ್ತವೆ, ಅಷ್ಟೆ.

ಹಾಗಾದರೆ ಕಾರ್ಖಾನೆಯನ್ನು ಮುಚ್ಚದೆ ನೀರನ್ನು ಕೆಡದಂತೆ ಕಾಯುವ ಪರಿವರ್ತನೆಗೆ ಕಂಪನಿಯೊಂದು ಏನು ಮಾಡಬಲ್ಲುದು? ನಮ್ಮ ದೃಷ್ಟಿಯಲ್ಲಿ ಉತ್ತರವನ್ನು ಹುಡುಕಬೇಕಾದುದು ವಾರ್ಷಿಕ ವರದಿಯ ವರ್ಣಚಿತ್ರಗಳಲ್ಲಿ ಅಲ್ಲ, ಪರಿಸರ ದಿನವೆಂದು ಜೂನ್ 5ರಂದು ನಡೆಯುವ ಸಸಿನೆಡುವ ಸಮಾರಂಭದಲ್ಲಿಯೂ ಅಲ್ಲ. ಅದು ಎರಡು ಸ್ಥಳಗಳಲ್ಲಿದೆ. ಒಂದು, ಪದಾರ್ಥ ಹುಟ್ಟುವ ಪಾತ್ರೆ. ಇನ್ನೊಂದು, ಆ ಪದಾರ್ಥವನ್ನು ಕೊಳ್ಳಲು ಬರುವ ಪರ್ಚೇಸ್ ಆರ್ಡರ್.

ಪಾತ್ರೆಯಿಂದಲೇ ಆರಂಭಿಸೋಣ. ಡೊಂಬಿವಲಿಯಂಥ ಕಡೆ ಬಟ್ಟೆಯ ಬಣ್ಣ ತಯಾರಿಸುವ ಸಣ್ಣ ಘಟಕವೊಂದರ ಕೆಲಸ ನಡೆಯುವ ಕ್ರಮ ಇದು: ಆಮ್ಲದಲ್ಲಿ ಕರಗಿಸಿದ ಅಮೀನ್ ಎಂಬ ದ್ರವ್ಯಕ್ಕೆ, ಐಸಿನ ಗಡ್ಡೆಗಳನ್ನು ಸುರಿದು ಸೊನ್ನೆಯಿಂದ ಐದು ಡಿಗ್ರಿಯೊಳಗೆ ಉಷ್ಣತೆಯನ್ನು ಹಿಡಿದಿಟ್ಟುಕೊಂಡು, ಸೋಡಿಯಂ ನೈಟ್ರೈಟನ್ನು ನಿಧಾನವಾಗಿ ಬಿಡುತ್ತಾರೆ, ಹೀಗೆ ಸಿದ್ಧವಾದುದನ್ನು ಎಚ್-ಆಸಿಡ್‌ನಂಥ ಇನ್ನೊಂದು ದ್ರವ್ಯದೊಡನೆ ಸೇರಿಸಿದಾಗ ಕ್ಷಣಮಾತ್ರದಲ್ಲಿ ಬಣ್ಣ ಮೂಡುತ್ತದೆ. ಆಮೇಲೆ ಮೂಟೆಗಟ್ಟಲೆ ಉಪ್ಪನ್ನು ಹಾಕಿದರೆ ಬಣ್ಣ ನೀರಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಅದನ್ನು ಫಿಲ್ಟರ್ ಪ್ರೆಸ್ಸಿನ ಬಟ್ಟೆಗಳ ನಡುವೆ ಒತ್ತಿ ಹಿಂಡಿದಾಗ ಒಳಗೆ ಉಳಿಯುವ ಕೇಕು ಮಾರಾಟದ ವಸ್ತು. ಹೊರಗೆ ಇಳಿಯುವ ಕಪ್ಪುನೀರಿಗೆ ಆ ವೃತ್ತಿಯವರ ಮಾತಿನಲ್ಲಿ ಮದರ್ ಲಿಕರ್ ಎಂದು ಹೆಸರು. ಹಾಕಿದ ಉಪ್ಪಿನ ಬಹುಭಾಗವೂ ಕೂಡದೆ ಉಳಿದ ದ್ರವ್ಯಗಳೂ ಒತ್ತುವಾಗ ಕೈತಪ್ಪಿದ ಬಣ್ಣವೂ ಈ ನೀರಿನಲ್ಲಿಯೇ ಇರುತ್ತವೆ. ರಸ್ತೆ ಗುಲಾಬಿಯಾಗುವ, ನಾಯಿ ನೀಲಿಯಾಗುವ ಪ್ರಸಂಗಗಳ ಮೂಲ ಕಾರಣವನ್ನು ಇಂಥ ನೀರಿನಲ್ಲಿಯೂ ಅಂಗಳದಲ್ಲಿ ಚೆಲ್ಲಿದ ಬಣ್ಣದ ಪುಡಿಯಲ್ಲಿಯೂ ಹುಡುಕಬೇಕು.

ಎಚ್-ಆಸಿಡ್ಡಿನ ಕಥೆ ಇನ್ನೂ ಬೋಧಪ್ರದವಾದುದು. ಅದರ ತಯಾರಿಕೆಯ ನಡುವಿನ ಒಂದು ಹಂತದಲ್ಲಿ ನೈಟ್ರೋ ಸಂಯುಕ್ತವನ್ನು ಅಪಕರ್ಷಿಸಲು ಕಬ್ಬಿಣದ ಪುಡಿಯನ್ನು ಬಳಸುವುದು ಹಳೆಯ ಪದ್ಧತಿ. ಕಬ್ಬಿಣವೆಲ್ಲ ಕೊನೆಗೆ ಕೆಸರಾಗಿ, ಅಂಟಿಕೊಂಡ ವಿಷದೊಡನೆ, ಕಾರ್ಖಾನೆಯ ಹಿತ್ತಿಲಲ್ಲಿ ರಾಶಿಯಾಗುತ್ತದೆ. ರಾಜಸ್ಥಾನದ ಉದಯಪುರದ ಬಳಿಯ ಬಿಛಡಿ ಗ್ರಾಮದಲ್ಲಿ ಇಂಥ ಕೆಸರು ಮಳೆನೀರಿನೊಡನೆ ನೆಲಕ್ಕಿಳಿದು ಬಾವಿಗಳೆಲ್ಲ ಕೆಂಪೇರಿದುದೂ, 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ‘ಕೆಡಿಸಿದವನೇ ತೆರತಕ್ಕದ್ದು’ ಎಂಬ ತತ್ತ್ವವನ್ನು ಆ ಪ್ರಕರಣಕ್ಕೆ ಅನ್ವಯಿಸಿದುದೂ ನಮ್ಮ ಪರಿಸರ ನ್ಯಾಯಶಾಸ್ತ್ರದ ಮುಖ್ಯ ಅಧ್ಯಾಯ. ಅದೇ ಅಪಕರ್ಷಣವನ್ನು ಕಬ್ಬಿಣದ ಬದಲು ಜಲಜನಕದಿಂದ, ತಕ್ಕ ವೇಗವರ್ಧಕದ ಸಹಾಯದಿಂದ, ಮಾಡಿದರೆ ಆ ಕೆಸರು ಹುಟ್ಟುವುದೇ ಇಲ್ಲ. ಹುಟ್ಟದ ಕೆಸರಿಗೆ ಶುದ್ಧೀಕರಣ ಬೇಡ, ಹೂಳುವ ಜಾಗ ಬೇಡ, ಟ್ಯಾಂಕರು ಬೇಡ. ಆದರೆ ಜಲಜನಕವನ್ನು ಒತ್ತಡದಲ್ಲಿ ಬಳಸುವುದಕ್ಕೆ ಬೇಕಾದ ಪಾತ್ರೆಯೂ ಸುರಕ್ಷೆಯ ಏರ್ಪಾಡೂ ತಜ್ಞನೂ ದುಬಾರಿ. ಬಾಡಿಗೆಯ ಶೆಡ್ಡಿನಲ್ಲಿ ಹತ್ತು ಜನರನ್ನಿಟ್ಟುಕೊಂಡು ನಡೆಸುವ ಘಟಕಕ್ಕೆ ಅದು ಸ್ವಂತ ಶಕ್ತಿಯಿಂದ ಎಟುಕುವಂಥದಲ್ಲ. ಪರ್ಚೇಸ್ ಆರ್ಡರಿನ ಮಾತು ಬರುವುದು ಇಲ್ಲಿ.

ಅದಕ್ಕೆ ಮೊದಲು ಸಾರ್ವಜನಿಕ ಶುದ್ಧೀಕರಣ ಘಟಕಗಳ ವಿಷಯವಾಗಿ ಒಂದೆರಡು ಮಾತು ಅವಶ್ಯ. ಸಣ್ಣ ಘಟಕಗಳು ಪ್ರತ್ಯೇಕವಾಗಿ ಶುದ್ಧೀಕರಣ ಮಾಡಲಾರವೆಂದು ಎಲ್ಲವೂ ಸೇರಿ ನಡೆಸುವ ಸಿಇಟಿಪಿಗಳು ಏರ್ಪಟ್ಟವು. ಡೊಂಬಿವಲಿಯಲ್ಲಿ ಜವಳಿಯವರಿಗೊಂದು, ರಾಸಾಯನಿಕದವರಿಗೊಂದು ಇವೆ. ಥಾಣೆ–ಬೇಲಾಪುರ ವಸಾಹತಿಗೂ ತಳೋಜಕ್ಕೂ ಅವರವರವು ಇವೆ. ಇವುಗಳ ಹೃದಯಸ್ಥಾನದಲ್ಲಿ ಕೆಲಸಮಾಡುವುದು ಗಾಳಿಯೂದಿದ ತೊಟ್ಟಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು. ಅವು ಸಾವಯವ ಮಲಿನವನ್ನು ತಿಂದು ಜೀರ್ಣಿಸಿಕೊಳ್ಳುತ್ತವೆ. ಆದರೆ ಉಪ್ಪನ್ನು ತಿನ್ನಲಾರವು. ಯಾವನೋ ಒಬ್ಬ ಸದಸ್ಯ ಇರುಳಿನಲ್ಲಿ ತನ್ನ ಮದರ್ ಲಿಕರನ್ನು ಹಾಗೆಯೇ ಕೊಳವೆಗೆ ಬಿಟ್ಟರೆ, ಆ ಉಪ್ಪಿಗೂ ವಿಷಕ್ಕೂ ಜೀವಿಗಳು ಸತ್ತು, ಉಳಿದ ಎಲ್ಲ ಸದಸ್ಯರ ನೀರೂ ಸಂಸ್ಕಾರವಿಲ್ಲದೆ ಖಾಡಿಗೆ ಹೋಗುತ್ತದೆ. ನಿಯಮಪಾಲಕನ ವೆಚ್ಚವೆಲ್ಲ ಹೀಗೆ ನಿಯಮಭಂಜಕನ ಒಂದು ರಾತ್ರಿಯ ಕೆಲಸದಿಂದ ವ್ಯರ್ಥವಾಗುವ ಅನ್ಯಾಯಕ್ಕೆ ಈ ವ್ಯವಸ್ಥೆಯಲ್ಲಿ ತಕ್ಕ ಪರಿಹಾರ ದೊರೆತಿಲ್ಲ. ವನಶಕ್ತಿ ಸಂಸ್ಥೆಯ ಅರ್ಜಿಯ ಮೇಲೆ 2015ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಭಾಗದ ಶುದ್ಧೀಕರಣ ಘಟಕಗಳಿಗೂ ನಗರಪಾಲಿಕೆಗಳಿಗೂ ಸೇರಿ ಸುಮಾರು 95 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಪಾಲಿಕೆಗಳನ್ನೂ ಸೇರಿಸಿದುದು ಉಚಿತವೇ ಆಯಿತು. ಮನೆಗಳ ಕೊಳಚೆಯ ಪಾಪವನ್ನೂ ಕಾರ್ಖಾನೆಯ ತಲೆಗೇ ಕಟ್ಟುವುದು ಸರಿಯಲ್ಲ.

ಈಗ ಕೊಳ್ಳುವವನ ಮಾತು. ಡೊಂಬಿವಲಿಯ, ಅಂಬರನಾಥದ ಸಣ್ಣ ಘಟಕಗಳಲ್ಲಿ ಬಹಳಷ್ಟು ತಮ್ಮ ಹೆಸರಿನಲ್ಲಿ ಅಂಗಡಿಗೆ ಮಾಲು ಕಳಿಸುವಂಥವಲ್ಲ; ದೊಡ್ಡ ಔಷಧ ಕಂಪನಿಗೋ ಬಣ್ಣದ ಕಂಪನಿಗೋ ಬೇಕಾದ ಮಧ್ಯಂತರ ದ್ರವ್ಯವನ್ನು ಜಾಬ್‌ವರ್ಕಿನಲ್ಲಿ ಮಾಡಿಕೊಡುವಂಥವು. ಹೀಗಾಗಿ ಪ್ರಖ್ಯಾತ ಕಂಪನಿಯ ಆವರಣ ಉದ್ಯಾನದಂತಿದ್ದು ಅದರ ನೀರಿನ ಲೆಕ್ಕ ನಿರ್ದೋಷವಾಗಿರುವಾಗಲೂ, ಅದರ ಮಾಲಿನ ಅತ್ಯಂತ ಕೊಳಕಾದ ಹಂತ ಬೇರೊಬ್ಬನ ಶೆಡ್ಡಿನಲ್ಲಿ, ಇನ್ನೊಂದು ಊರಿನ ನಾಲೆಯ ಪಕ್ಕದಲ್ಲಿ, ನಡೆದಿರುವುದು ಸಾಧ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಆ ಶೆಡ್ಡಿಗೆ ವರ್ಷಕ್ಕೆ ಕೆಲವು ಸಲ ಬಂದಾನು. ಖರೀದಿ ವಿಭಾಗದವನ ಫೋನು ವಾರವಾರವೂ ಬರುತ್ತದೆ. ನೋಟಿಸಿಗೆ ಉತ್ತರ ಬರೆದು ಕಾಲ ತಳ್ಳಬಹುದು. ನಿಂತುಹೋದ ಆರ್ಡರಿಗೆ ಹಾಗೆ ಉತ್ತರವಿಲ್ಲ. ಆದುದರಿಂದ ದೊಡ್ಡ ಕಂಪನಿ ಮಾಡಬಹುದಾದ ಅತ್ಯಂತ ಫಲಕಾರಿಯಾದ ಕಾರ್ಯ ತನ್ನ ಕರಾರಿನಲ್ಲಿ ದರ, ಶುದ್ಧತೆ, ತಾರೀಖು ಈ ಮೂರರ ಜೊತೆಗೆ ವಿಸರ್ಜನೆಯ ಲೆಕ್ಕವನ್ನೂ ನಾಲ್ಕನೆಯದಾಗಿ ಬರೆಯುವುದು. ಬರೆದು, ಅದಕ್ಕೆ ತಗಲುವ ವೆಚ್ಚವನ್ನು ದರದಲ್ಲಿ ಒಪ್ಪಿಕೊಳ್ಳುವುದು. ಮೂರೋ ಐದೋ ವರ್ಷದ ಆರ್ಡರನ್ನು ಖಚಿತಪಡಿಸಿ ಹೊಸ ಪಾತ್ರೆಗೆ ಬ್ಯಾಂಕಿನಿಂದ ಸಾಲ ಸಿಗುವಂತೆ ಮಾಡುವುದು. ದರವನ್ನು ಮಾತ್ರ ಕಿವುಚಿ ಕಿವುಚಿ ಇಳಿಸುತ್ತ, ಜೊತೆಗೆ ‘ಪರಿಸರ ಸಂಹಿತೆ’ಗೆ ಸಹಿ ಹಾಕಿಸಿಕೊಳ್ಳುವ ಖರೀದಿದಾರ, ಸರಬರಾಜುದಾರನನ್ನು ರಾತ್ರಿಯ ಟ್ಯಾಂಕರಿನ ಕಡೆಗೆ ತಾನೇ ತಳ್ಳುತ್ತಾನೆ.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು 2022–23ರಿಂದ ತಮ್ಮ ನೀರು, ಶಕ್ತಿ, ತ್ಯಾಜ್ಯ, ಕಾರ್ಮಿಕರ ಸ್ಥಿತಿಗಳನ್ನು ಕುರಿತು ಬಿ.ಆರ್.ಎಸ್.ಆರ್. ಎಂಬ ವರದಿಯನ್ನು ಕಡ್ಡಾಯವಾಗಿ ಒಪ್ಪಿಸತಕ್ಕದ್ದೆಂದಾಯಿತು; 2023ರ ಜುಲೈಯಲ್ಲಿ ಮೊದಲ 250 ಕಂಪನಿಗಳು ತಮಗೆ ಮಾಲು ಕೊಡುವವರ ವಿಷಯವನ್ನೂ ಹೇಳಬೇಕೆಂಬ ನಿಯಮ ಬಂದಿತು. ಆದರೆ ಆಮೇಲೆ, 2025ರಲ್ಲಿ, ಈ ಎರಡನೆಯ ಭಾಗವನ್ನು ಐಚ್ಛಿಕಗೊಳಿಸಿದರಲ್ಲದೆ, ಖರೀದಿಯಲ್ಲಿಯೋ ಮಾರಾಟದಲ್ಲಿಯೋ ಪ್ರತ್ಯೇಕವಾಗಿ ಶೇ. 2 ಅಥವಾ ಹೆಚ್ಚು ಪಾಲುಳ್ಳವರಿಗೆ ಮಾತ್ರ ಸೀಮಿತಗೊಳಿಸಿದರು. ಕಂಪನಿಗಳ ಕಷ್ಟವನ್ನು ಪರಿಗಣಿಸಿ ಮಾಡಿದ ಸಡಿಲಿಕೆಯಿದು, ಒಪ್ಪೋಣ. ಆದರೂ ಹತ್ತು ಜನರ ಶೆಡ್ಡು ಎಂದಿಗೂ ದೊಡ್ಡ ಕಂಪನಿಯ ಖರೀದಿಯ ಶೇ. 2ನ್ನು ಮುಟ್ಟಲಾರದು, ಬೆಳಕು ಎಲ್ಲಿ ಅತ್ಯಗತ್ಯವೋ ಅಲ್ಲಿಗೆ ನಿಯಮದ ಬೆಳಕು ತಲಪದೆ ಹೋಯಿತೆಂಬುದು ನಮ್ಮ ಅಭಿಪ್ರಾಯ.

ಒತ್ತಡವಿಲ್ಲದೆ ಕಂಪನಿಗಳು ಬದಲಾಗುವುದು ಅಪರೂಪವೆಂಬುದಕ್ಕೆ ಕನ್ನಡನಾಡಿನ ಅನುಭವವೇ ಸಾಕ್ಷಿ. ರೇಯಾನಿನ ಕಚ್ಚಾವಸ್ತು ತಯಾರಿಸುವ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ನೀರಿನಿಂದ ತುಂಗಭದ್ರೆಯ ಮೀನುಗಳೂ ದಡದ ಜನರೂ ಪಟ್ಟ ಪಾಡು, 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ, 1987ರಲ್ಲಿ ಕುಸನೂರಿನಲ್ಲಿ ಆ ಕಾರ್ಖಾನೆಗಾಗಿ ಬೆಳೆಸುತ್ತಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಜನೋಪಯೋಗಿ ಗಿಡಗಳನ್ನು ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ, ಇವನ್ನು ಉತ್ತರ ಕರ್ನಾಟಕದ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೋಹನೆಯಲ್ಲಿಯೂ ಪಕ್ಕದ ಶಹಾಡಿನಲ್ಲಿಯೂ ಬೆಳೆದುದು ಅದೇ ರೇಯಾನ್ ಉದ್ಯಮ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿ ಕೆಟ್ಟಾಗ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಬಣ್ಣಹಾಕುವ ನೂರಾರು ಘಟಕಗಳನ್ನು ಒಂದೇ ಬಾರಿಗೆ ಮುಚ್ಚಿಸಿತು. ಅಲ್ಲಿನವರು ಆ ಪೆಟ್ಟಿನಿಂದ ಚೇತರಿಸಿಕೊಂಡ ರೀತಿ ಗಮನಾರ್ಹ: ಒಂದು ಹನಿಯನ್ನೂ ಹೊರಗೆ ಬಿಡದೆ, ನೀರನ್ನು ಪೊರೆಗಳ ಮೂಲಕ ಸೋಸಿ, ಉಳಿದುದನ್ನು ಕುದಿಸಿ ಇಂಗಿಸಿ, ಉಪ್ಪನ್ನು ಮರಳಿ ಪಡೆದು ಪುನಃ ಬಣ್ಣದ ತೊಟ್ಟಿಗೇ ಹಾಕುವ ಪದ್ಧತಿಯನ್ನು ಸಾಮೂಹಿಕವಾಗಿ ರೂಢಿಸಿಕೊಂಡರು. ಖರ್ಚು ಬಹಳ, ವಿದ್ಯುತ್ತೂ ಬಹಳ. ಆದರೂ ವಿದೇಶದ ಗಿರಾಕಿಗಳು ಅದನ್ನೇ ಕೇಳುವಂತಾದ ಮೇಲೆ ಅದು ಆ ಊರಿನ ವ್ಯಾಪಾರಕ್ಕೆ ಬಲವೇ ಆಯಿತು. ಡೊಂಬಿವಲಿಯ ಜವಳಿ ಘಟಕಗಳು ಕಲಿಯತಕ್ಕ ಪಾಠ ಇದರಲ್ಲಿ ಉಂಟು.

ಒಬ್ಬನ ತ್ಯಾಜ್ಯ ಇನ್ನೊಬ್ಬನ ಕಚ್ಚಾವಸ್ತುವಾಗುವ ದಾರಿಯೂ ಇದೆ. ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಪಟ್ಟಣದಲ್ಲಿ 1972ರಲ್ಲಿ ಜಿಪ್ಸಮ್ ಹಲಗೆಯ ಕಾರ್ಖಾನೆಯೊಂದು ಪಕ್ಕದ ತೈಲಶುದ್ಧೀಕರಣಾಗಾರದಲ್ಲಿ ಉರಿದುಹೋಗುತ್ತಿದ್ದ ಅನಿಲವನ್ನು ಕೊಳ್ಳಲಾರಂಭಿಸಿದುದು ಮೊದಲಾಗಿ ಇಂದು ನೀರು, ಹಬೆ, ಬೂದಿಗಳೆಲ್ಲ ಕಾರ್ಖಾನೆಯಿಂದ ಕಾರ್ಖಾನೆಗೆ ಹರಿಯುತ್ತವೆ. ನಮ್ಮ ನವಿ ಮುಂಬಯಿಯಲ್ಲಿ ಅದರ ಒಂದು ಅಂಶ ಕಾಣುತ್ತದೆ: ಐರೋಲಿ, ಕೋಪರ್‌ಖೈರಣೆಗಳಲ್ಲಿ ಪಾಲಿಕೆ ಊರಿನ ಕೊಳಚೆಯನ್ನು ಮೂರನೆಯ ಸಂಸ್ಕಾರದವರೆಗೂ ಒಯ್ದು, ತಲಾ ದಿನಕ್ಕೆ 20 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕಗಳಿಂದ ಕೈಗಾರಿಕೆಗಳಿಗೆ ನೀರು ಕೊಡುವ ಯೋಜನೆಯನ್ನು ಕಟ್ಟಿದೆ. ಬಾಯ್ಲರಿಗೂ ತಣಿಸುವ ಗೋಪುರಕ್ಕೂ ಬಾರವಿ ಅಣೆಕಟ್ಟಿನ ಕುಡಿಯುವ ನೀರು ಬೇಕಾಗಿಲ್ಲ. ಬೇಸಿಗೆಯಲ್ಲಿ ಕಲ್ಯಾಣ ಡೊಂಬಿವಲಿಗಳ ಮನೆಗಳಲ್ಲಿ ನಲ್ಲಿ ಒಣಗುವಾಗ ಈ ಮಾತಿನ ಬೆಲೆ ತಿಳಿಯುತ್ತದೆ.

ಹಬೆಯ ಪ್ರಸ್ತಾಪ ಬಂದುದರಿಂದ ಒಂದು ಮಾತು: ಕಾರ್ಖಾನೆಯಲ್ಲಿ ಕೆಲಸ ಮುಗಿಸಿದ ಹಬೆ ಬಿಸಿನೀರಾಗಿ ಮೋರಿಗೆ ಹೋಗುವುದನ್ನು ತಡೆದು ಬಾಯ್ಲರಿಗೇ ಮರಳಿಸಿದರೆ, ಒಳಹೋಗುವ ನೀರಿನ ಉಷ್ಣತೆ ಪ್ರತಿ 6 ಡಿಗ್ರಿ ಏರಿದಾಗ ಇಂಧನದಲ್ಲಿ ಸುಮಾರು ಶೇ. 1 ಉಳಿಯುತ್ತದೆ. ಇದಕ್ಕೆ ಬೇಕಾದುದು ಕೊಳವೆ, ಪಂಪು, ಲಕ್ಷ್ಯಗೊಟ್ಟು ನೋಡುವ ಫೋರ್‌ಮನ್ ಇಷ್ಟೆ. ಮಹಾಕಾರ್ಯಗಳ ಘೋಷಣೆಯ ನಡುವೆ ಇಂಥವನ್ನು ಕೇಳುವವರಿಲ್ಲ.

ಥಾಣೆ ಖಾಡಿಯ ದಡದಲ್ಲಿ ಕಂಪನಿಯೊಂದು ಮಾಡಿದ, ಅಥವಾ ಮಾಡದೆ ಬಿಟ್ಟ, ಕಾರ್ಯವೊಂದನ್ನು ಇಲ್ಲಿ ಸ್ಮರಿಸಲೇಬೇಕು. ಪಿರೋಜ್‌ಶಾ ಗೋದ್ರೆಜರು 1940ರ ದಶಕದಲ್ಲಿ ವಿಖ್ರೋಳಿಯಲ್ಲಿ ಕೊಂಡ ವಿಸ್ತಾರವಾದ ಭೂಮಿಯ ಪೂರ್ವದ ಅಂಚು ಕಾಂಡ್ಲಾ ಕಾಡು. ಮುಂಬಯಿಯಲ್ಲಿ ಅಂಗೈಯಗಲ ನೆಲಕ್ಕೂ ಹೊನ್ನಿನ ಬೆಲೆ ಬಂದ ದಶಕಗಳಲ್ಲಿ ಕಾಂಡ್ಲಾವನ್ನು ಕಡಿದು ಮಣ್ಣು ತುಂಬಿದವರು ಅಸಂಖ್ಯ. ಗೋದ್ರೆಜರು ಅದನ್ನು ಹಾಗೆಯೇ ಉಳಿಸಿಕೊಂಡು, 1985ರಲ್ಲಿ ಸೂನಾಬಾಯಿ ಪಿರೋಜ್‌ಶಾ ಗೋದ್ರೆಜ್ ಸಾಗರ ಪರಿಸರ ಕೇಂದ್ರವನ್ನೂ ಸ್ಥಾಪಿಸಿದರು. ಉಪ್ಪುನೀರಿನಲ್ಲಿ ಉಸಿರಾಡಲು ಬೇರುಗಳನ್ನು ಮೇಲಕ್ಕೆ ಚಾಚಿ ನಿಂತ ಆ ಗಿಡಗಳು ಭರತದ ವೇಗವನ್ನು ಮುರಿಯುತ್ತವೆ, ಮಣ್ಣನ್ನು ಹಿಡಿಯುತ್ತವೆ, ಮೀನುಮರಿಗೆ ತೊಟ್ಟಿಲಾಗುತ್ತವೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರ ಪ್ರಳಯದ ನಂತರ, ಅದೇ ವರ್ಷದ ಅಕ್ಟೋಬರಿನಲ್ಲಿ, ಬೊಂಬಾಯಿ ಉಚ್ಚ ನ್ಯಾಯಾಲಯ ಕಾಂಡ್ಲಾ ನಾಶವನ್ನು ನಿಷೇಧಿಸಿತು. ಕಾನೂನು ಬರುವ ಎಷ್ಟೋ ಮೊದಲು ಕಂಪನಿಯೊಂದು ತನ್ನ ಲಾಭದ ಮೇಲೆ ತಾನೇ ಎಲ್ಲೆ ಹಾಕಿಕೊಂಡಿತೆಂಬುದು ದೊಡ್ಡ ಮಾತು. ಇಂದು ಚಳಿಗಾಲದಲ್ಲಿ ಸಾವಿರ ಸಾವಿರವಾಗಿ ಬರುವ ರಾಜಹಂಸಗಳಿಗಾಗಿ ಥಾಣೆ ಖಾಡಿ 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಆ ಹಕ್ಕಿಗಳು ಕೊಕ್ಕಿನಿಂದ ಸೋಸಿ ತಿನ್ನುವ ಪಾಚಿ ಬೆಳೆಯುವುದು ನಾವು ಬಿಟ್ಟ ನೀರಿನಲ್ಲಿಯೇ. ಹಕ್ಕಿ ಬಂದಿತೆಂದ ಮಾತ್ರಕ್ಕೆ ನೀರು ಶುದ್ಧವೆಂದು ಹಿಗ್ಗುವುದು ತಪ್ಪು.

ನಮ್ಮವರ ಹೋಟೆಲುಗಳೂ ಕಂಪನಿಗಳೇ. 2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಜಾರಿಯಾದಾಗ ಸಾಂಬಾರು ಚಟ್ನಿಗಳ ಪಾರ್ಸೆಲ್ಲಿಗೆ ಏನು ಮಾಡುವುದೆಂಬ ಕಳವಳದ ನಡುವೆಯೂ, ಗಿರಾಕಿಗಳು ಮನೆಯಿಂದ ಡಬ್ಬಿ ತಂದರೆ ರಿಯಾಯಿತಿ ಕೊಟ್ಟ ಹೋಟೆಲುಗಳಿದ್ದವು. ಅದೇ ವರ್ಷದ ಜುಲೈ 1ರಿಂದ ಕರಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಶೇ. 25ನ್ನು ಮೀರಿದರೆ ಅದನ್ನು ಮತ್ತೆ ಬಳಸಕೂಡದೆಂಬ ನಿಯಮ ಬಂದಿದೆ. ಆ ಎಣ್ಣೆಯನ್ನು ಜೈವಿಕ ಡೀಸೆಲ್ಲಿಗೆ ಕೊಳ್ಳುವವರೂ ಇದ್ದಾರೆ. ಬೋಂಡಾ ಕರಿದ ಬಾಣಲೆಯ ಎಣ್ಣೆ ಬೀದಿಬದಿಯ ಗಾಡಿಗೆ ಅಗ್ಗದಲ್ಲಿ ಹೋಗುವ ಬದಲು ಅವರ ಪೀಪಾಯಿಗೆ ಹೋಗಬೇಕಾದರೆ ಮಾಲೀಕ ದಿನಕ್ಕೊಮ್ಮೆ ಅಡುಗೆಮನೆಗೆ ಹೊಕ್ಕು ನೋಡಬೇಕು.

2013ರ ಕಂಪನಿ ಕಾಯಿದೆಯ 135ನೆಯ ವಿಧಿಯಂತೆ ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸತಕ್ಕದ್ದು. ಅದರಿಂದ ಶಾಲೆಗಳಿಗೆ ಬೆಂಚುಗಳು ಬಂದಿವೆ, ಆಸ್ಪತ್ರೆಗಳಿಗೆ ಯಂತ್ರಗಳು ಬಂದಿವೆ; ಅದನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಖಾಡಿಯ ನೀರು ತಿಳಿಯಾಗುವುದು ಆ ಎರಡು ಪಾಲಿನಿಂದಲ್ಲ, ಉಳಿದ ತೊಂಬತ್ತೆಂಟು ಪಾಲನ್ನು ಗಳಿಸಿದ ಬಗೆಯಿಂದ.

ಡೊಂಬಿವಲಿಯ ಎಂಐಡಿಸಿಯಲ್ಲಿ ಅಡ್ಡಾಡುವವರು ಪ್ರತಿ ಕಾರ್ಖಾನೆಯ ಗೇಟಿನ ಪಕ್ಕದಲ್ಲಿ ಕೋಷ್ಟಕ ಬರೆದ ಫಲಕವೊಂದನ್ನು ಕಾಣುತ್ತಾರೆ. ಅಪಾಯಕಾರಿ ದ್ರವ್ಯಗಳೇನು, ನೀರೆಷ್ಟು ಹೊರಗೆ ಹೋಗುತ್ತದೆ, ಗಾಳಿಗೆ ಏನು ಸೇರುತ್ತದೆ, ಘನತ್ಯಾಜ್ಯವೆಷ್ಟು ಎಂಬುದನ್ನು ಸಾರ್ವಜನಿಕರಿಗೆ ತಿಳಿಯುವಂತೆ ಬರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2003ರ ಅಕ್ಟೋಬರಿನಲ್ಲಿಯೇ ಆಜ್ಞಾಪಿಸಿದುದರ ಫಲ ಅದು. ಎಷ್ಟೋ ಕಡೆ ಬಣ್ಣ ಮಾಸಿ ಅಂಕಿ ಕಾಣದು. ಎಷ್ಟೋ ಕಡೆ ಬರೆದ ತಾರೀಖು ಬಹಳ ಹಳೆಯದು. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತ ದೊಡ್ಡ ಕಂಪನಿಯ ಖರೀದಿ ಅಧಿಕಾರಿ ಮುಂದಿನ ಆರ್ಡರನ್ನು ಕಳಿಸುವ ಮುನ್ನ ಒಬ್ಬ ಇಂಜಿನಿಯರನನ್ನು ಈ ಗೇಟಿನ ಮುಂದೆ ನಿಲ್ಲಿಸಿ, ಫಲಕದ ಅಂಕಿಯನ್ನು ಒಳಗಿನ ಮೀಟರಿನೊಡನೆಯೂ ಸಿಇಟಿಪಿಯ ರಸೀದಿಯೊಡನೆಯೂ ತಾಳೆ ನೋಡಿಸಿ, ಹೊಂದಿದರೆ ದರವನ್ನು ಏರಿಸಿ, ಹೊಂದದಿದ್ದರೆ ಆರು ತಿಂಗಳ ಅವಧಿಯನ್ನೂ ತಜ್ಞನ ನೆರವನ್ನೂ ಕೊಟ್ಟು ಸರಿಪಡಿಸಿಕೊಳ್ಳಲು ಹೇಳಲಿ. ಇದಕ್ಕೆ ಹೊಸ ಕಾಯಿದೆಯಾಗಲಿ ಸೆಬಿಯ ಇನ್ನೊಂದು ಸುತ್ತೋಲೆಯಾಗಲಿ ಬೇಕಾಗಿಲ್ಲ. ಬರುವ ಏಪ್ರಿಲಿನಲ್ಲಿ ಕರಾರುಗಳು ನವೀಕರಣಗೊಳ್ಳುವಾಗಲೇ ಸೇರಿಸಬಹುದಾದ ಒಂದು ಕಲಮು ಸಾಕು.